ಫರ್ಸಿ ಮ್ಯಾಲ ಲಿಫ್ಟ್ ನಿಂದ್ರಂಗಿಲ್ಲ

ನಮಸ್ಕಾರ್ರಿ. ಈಗ ಕಾಣ್ಲಿಕತ್ತದಲ್ಲ, ಇದು ಕಲಬುರಗಿಯೊಳಗ ನಮ್ಮನಿ ಗ್ಯಾರೇಜು. ಕಾರ್ ಎತ್ತೋ ಎರಡು ಕಂಬದ ಲಿಫ್ಟ್ ಬಂದು ಎರಡು ತಿಂಗಳು ಗ್ವಾಡಿಗೇ ಒರಗಿತ್ತು. ಯಾಕ ನಿಂದ್ರಸಿಲ್ಲ ಅಂತ ಭಾಳ ಮಂದಿ ಕೇಳೀರಿ. ಕೆಳಗ ನೋಡ್ರಿ. ಶಹಾಬಾದ್ ಫರ್ಸಿ.

ಬ್ಯಾಸಗ್ಯಾಗ ಬರಿಗಾಲಿಗಿ ಫರ್ಸಿಯಂಥ ಸುಖ ಇಲ್ಲ, ಖರೆ. ಆದ್ರ ಅದು ಪದರ ಪದರ ಸುಣ್ಣಗಲ್ಲು, ಕಂಬ ನೆಲಕ್ಕ ಹಿಡಿಯೋ ಬೋಲ್ಟ್ ಒಳಗ ಅರಳಿದ್ರ ಸೀಳತದ. ಅದರ ಕೆಳಗ ಎರಿ ಮಣ್ಣು, ಮಳಿಗಿ ಉಬ್ಬತದ, ಬಿಸಲಿಗಿ ಬಿರಿತದ. ಅದಕ್ಕ ಫರ್ಸಿ ಕೀಳಿಸಿ, ಎರಡು ಫೂಟು ಎರಿ ತಗಸಿ, ಮುರುಮ ತುಂಬಿ ಧಮ್ಮಸ್ ಹೊಡಸಿ, ಸಳಿ ಕಟ್ಟಿಸಿ ಆರಿಂಚು ಎಂ-25 ಅನ್ನೋ ಗಟ್ಟಿ ದರ್ಜೆದ ಕಾಂಕ್ರೀಟ್ ಹಾಕ್ಸಿದೆ. ನನ್ನ ಲಿಫ್ಟಿನ ಮ್ಯಾನುವಲ್ಲಿನಾಗ ನಾಕಿಂಚು ಸಾಕು ಅಂತ ಅದ. ಎರಿ ಮ್ಯಾಲ ನನಗ ಧೈರ್ಯ ಸಾಲಲಿಲ್ಲ. ಸುತ್ತ ಸೇಡಂ, ವಾಡಿ ಅಂತ ಸಿಮೆಂಟಿನ ಊರು ಇಟ್ಕೊಂಡು ಸಿಮೆಂಟಿಗೇ ಕಂಜೂಸಿ ಮಾಡಿದ್ರ ಹ್ಯಾಂಗ?

28 ದಿನ ಕಾಯ್ದೆ. ಮೇ ತಿಂಗಳು, ಹಸಿ ಗೋಣಿತಟ್ಟು ಹೊಚ್ಚಿ ದಿನಕ್ಕ ಮೂರು ಸಲ ನೀರು. "ಎಂಟು ದಿನಕ್ಕ ಗಟ್ಟಿ ಆಗ್ಯಾದ ತಮ್ಮಾ, ತೂತು ಹೊಡಿ" ಅಂದ ಗೌಂಡಿ ಕಾಕಾ. "ನೀ ನಿಲ್ಲಲಿಕ್ಕ ಗಟ್ಟಿ ಆಗ್ಯಾದ ಕಾಕಾ, ಕಾರ್ ಜೋತಾಡಲಿಕ್ಕ ಅಲ್ಲ" ಅಂದೆ. ನಕ್ಕ.

ಇಲ್ಲಿ ಜರಾ ಹತ್ರ ಬರ್ರಿ. ಈ ಬೋಲ್ಟಿನ ತುದಿ ದಪ್ಪ ಅದ, ಸುತ್ತ ತೆಳುವಂದು ಪತ್ರಾದ ಪಟ್ಟಿ. ನಟ್ ಬಿಗಿದಂಗ ಬೋಲ್ಟ್ ಮ್ಯಾಲ ಬರ್ತದ, ದಪ್ಪ ತುದಿ ಪಟ್ಟಿ ಅರಳಸ್ತದ, ಪಟ್ಟಿ ಕಾಂಕ್ರೀಟ್ ಕಚ್ಚತದ. ಅಷ್ಟೇ ಆಟ. ಬೋಲ್ಟ್ ಮುಕ್ಕಾಲಿಂಚು, ತೂತೂ ಮುಕ್ಕಾಲಿಂಚು.

ಮೊದಲನೇ ತೂತು ಹೊಡದು, ಬಾಯಿಲೇ ಎರಡು ಸಲ ಊದಿ, ಬೋಲ್ಟ್ ಬಡದೆ. ಟಾರ್ಕ್ ರೆಂಚ್ ಅಂದ್ರ ಇಟ್ಟಷ್ಟು ಬಿಗಿ ಆದ ಕೂಡ್ಲೆ ಟಕ್ ಅನ್ನೋ ಪಾನಾ, ಅದನ್ನ 110 ಫುಟ್-ಪೌಂಡಿಗಿ ಇಟ್ಟು ತಿರುವಿದೆ. ತಿರುಗ್ತು. ಇನ್ನೂ ತಿರುಗ್ತು. ಟಕ್ ಅನ್ನೋದು ಬರಲೇ ಇಲ್ಲ, ಬೋಲ್ಟ್ ಸಾವಕಾಶ ಮ್ಯಾಲೇ ಎದ್ದು ಬಂತು. ತೂತಿನ ತಳದಾಗ ಹಿಟ್ಟಿನಂಥ ಧೂಳಿ, ಪಟ್ಟಿ ಕಾಂಕ್ರೀಟ್ ಬಿಟ್ಟು ಆ ಹಿಟ್ಟಿನಾಗ ಜಾರಿತ್ತು. ತಪ್ಪು ನಂದೇ.

ಬಾಜೂಕ ಇನ್ನೊಂದು ತೂತು ಹೊಡಿಲಿಕ್ಕ ಬರಂಗಿಲ್ಲ, ನಡುವಿನ ಕಾಂಕ್ರೀಟ್ ಒಡಿತದ. ಎರಡೂ ಕಂಬ ಒಂದು ಗೇಣು ಹಿಂದ ಸರಿಸಿದ್ವಿ. ನಾಕು ಮಂದಿ, ಒಂದು ಕೊಡ ಮಜ್ಜಿಗಿ.

ಈ ಸಲ ಮಗನ ಹಾಲಿನ ಬಾಟ್ಲಿ ತಿಕ್ಕೋ ಬ್ರಷ್ ಕದ್ದು ತಂದೆ. ಬ್ರಷ್ ಹಾಕಿ ತಿರುವೋದು, ಸೈಕಲ್ ಪಂಪಿಗಿ ಸಣ್ಣ ನಳಿಗಿ ಸಿಗಿಸಿ ತಳದಿಂದ ಊದೋದು, ಮತ್ತ ಬ್ರಷ್. ಮುಖದ ಮ್ಯಾಲಿನ ಧೂಳಿ ನೋಡ್ರಿ, ಜೋಳದ ಗಿರಣಿಯಿಂದ ಬಂದಂಗ ಕಾಣ್ತೀನಿ. ಗೆಳೆಯ ನಟ್ ಬಡಬಡದು ಬಿಗಿಯೋ ಮಷೀನು, ಇಂಪ್ಯಾಕ್ಟ್ ಗನ್ ತಂದಿದ್ದ. ಅದಕ್ಕ ಎಷ್ಟು ಬಿಗಿದದ ಅನ್ನೋದು ತಿಳಿಯಂಗಿಲ್ಲ, ಹೊರಗ ಇಡಸಿದೆ.

ಈಗ ಕೇಳ್ರಿ. ಟಕ್. ಹತ್ತೂ ಬೋಲ್ಟಿಗಿ ಬಂತು.

ಮೊದಲ ದಿನ ಕಾರ್ ಒಂದು ಫೂಟ್ ಎತ್ತಿ, ಲಾಕಿಗಿ ಕೂಡಿಸಿ, ದೂರ ನಿಂತು ನೋಡಿದ್ವಿ. ಕೆಳಗ ಯಾರೂ ಹೋಗಿಲ್ಲ. ಮುಂದಿನ ಐತವಾರ ಹತ್ತೂ ನಟ್ ಮತ್ತ ರೆಂಚ್ ಹಚ್ಚಿ ನೋಡಿದೆ, ಅದರಾಗ ಎರಡು ನಟ್ ಕಾಲು ಸುತ್ತು ತಿರುಗಿ ಟಕ್ ಅಂದ್ವು. ಕೆಟ್ಟ ಬೋಲ್ಟಿನ ತಲಿ ಗ್ರೈಂಡರಿಲೇ ಕೊಯ್ದು ನೆಲಕ್ಕ ಸಮ ಮಾಡೀನಿ. ಬ್ರಷ್ ಹೊಸಾದು ತಂದು ಕೊಡಬೇಕಾಗ್ಯಾದ.