ಆ ಕೂಸು ಸಿನಿಮಾಕ್ಕ ಹೋತೋ ಇಲ್ಲೋ?

ಕೇಳುಗರಿಗೆಲ್ಲ ನಮಸ್ಕಾರ.

ಬಾಗಲಕೋಟೆಯ ನಮ್ಮ ಮನೆಯಲ್ಲಿ ಟಿವಿ ಒಂದೇ, ನೋಡುವವರು ಮೂರು ತಲೆಮಾರು. ಹೋದ ವಾರ ಜಗಳ ಎದ್ದದ್ದು ರಿಮೋಟಿಗಾಗಿ ಅಲ್ಲ, ‘ಮಾಲ್ಗುಡಿ ಡೇಸ್’ಗಾಗಿ.

1980ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ಮಾಲಿಕೆ ಅದು. ಕಥೆಗಳು ಆರ್.ಕೆ. ನಾರಾಯಣ್ ಅವರವು, ಹೆಚ್ಚಾಗಿ ಕಂತಿಗೊಂದು ಬಿಡಿ ಕಥೆ. ನಮ್ಮ ಅಣ್ಣನ ಮಗ ಅದರ ಒಂದು ಕಂತು ಹಾಕಿದ. ಅವ್ವನಿಗೆ ಹಿಂದಿ ಅಷ್ಟಕ್ಕಷ್ಟೇ. ಆದರೂ ವಿಷ್ಣುವರ್ಧನ್ ಮುಖ ಕಂಡದ್ದೇ ಕೂತುಬಿಟ್ಟಳು.

ಒಬ್ಬ ಗುಮಾಸ್ತ. ಸಂಜೆ ಸಿನಿಮಾಕ್ಕೆ ಕರೆದೊಯ್ಯುತ್ತೇನೆ ಅಂತ ಮಗಳಿಗೆ ಮಾತು ಕೊಟ್ಟಿದ್ದಾನೆ. ಆಫೀಸು ಬಿಡುತ್ತಿಲ್ಲ. ಸಿಟ್ಟಿನಲ್ಲಿ ರಾಜೀನಾಮೆ ಬರೆಯುತ್ತಾನೆ. ಅಷ್ಟರಲ್ಲಿ ಸಂಬಳ 40ರಿಂದ 45 ರೂಪಾಯಿ ಆದ ಸುದ್ದಿ ಬರುತ್ತದೆ. ರಾಜೀನಾಮೆ ವಾಪಸ್! ಮನೆಗೆ ಬಂದರೆ ಕೂಸು ಹಾಕಿಕೊಂಡ ಬಟ್ಟೆಯಲ್ಲೇ ಮಲಗಿಬಿಟ್ಟಿದೆ. ಕಥೆ ಮುಗಿಯಿತು.

ಮರುದಿನ ಅವ್ವ ಕಾದು ಕೂತಳು. “ಆ ಕೂಸು ಸಿನಿಮಾಕ್ಕ ಹೋತೋ ಇಲ್ಲೋ?” ಬಂದದ್ದು ಬೇರೆಯವರ ಮನೆ, ಬೇರೆ ಕಥೆ. “ಇದೆಂಥಾ ಕಥಿ? ಅರ್ಧಕ್ಕ ಕೈಬಿಟ್ಟಾರಲ್ಲೋ!”

“ಅಷ್ಟ ಆಯಿ, ಮುಗೀತು” ಅಂದ ಹುಡುಗ. ಅವನು ಇಂಗ್ಲೆಂಡಿನ ‘ಬ್ಲ್ಯಾಕ್ ಮಿರರ್’ ನೋಡಿ ಪಳಗಿದವನು. 2011ರಲ್ಲಿ ಶುರುವಾದ ಆ ಮಾಲಿಕೆಯಲ್ಲೂ ಕಂತಿಗೊಂದು ಕಥೆ. ಒಂದು ಕಂತನ್ನು ತಲೆಮೇಲೆ ಹೊತ್ತು ಕುಣಿಯುತ್ತಾನೆ, ಇನ್ನೊಂದನ್ನು ಬೈಯುತ್ತಾನೆ. ಸೇರದಿದ್ದರೆ ಬಿಟ್ಟು ಮುಂದಿನದು ನೋಡಬಹುದು, ಅದೇ ಅನುಕೂಲ ಅನ್ನುತ್ತಾನೆ. (ದಿನದ ಧಾರಾವಾಹಿಯಲ್ಲಂತೂ ತಿಂಗಳು ಬಿಟ್ಟು ನೋಡಿದರೂ ಕಥೆ ಅಲ್ಲೇ ಇರುತ್ತದೆ, ಅಲ್ವಾ?)

ವೈನಿಯ ತಕರಾರು ಬೇರೆ. ಮುಖ ಗುರುತಾಗುವುದರೊಳಗೆ ಮಂದಿ ಮಾಯ ಆಗ್ತಾರೆ ಅಂತ. “ಮಾಲ್ಗುಡಿ ಅಂದ್ರ ನಿಮಗ ಯಾರು ನೆನಪಾಗ್ತಾರ? ಸ್ವಾಮಿ ಹೌದಿಲ್ಲೋ?” ಹೌದು. ಮಾಸ್ಟರ್ ಮಂಜುನಾಥ್ ಆಡಿದ ಸ್ವಾಮಿ ಒಂದಲ್ಲ, ಹಲವು ಕಂತುಗಳಲ್ಲಿ ಬರುತ್ತಾನೆ. ಬಿಡಿ ಕಥೆಗಳ ಮಾಲಿಕೆ ಅಂತ ನಾವು ಹೊಗಳುವುದರಲ್ಲೂ ನೆನಪಲ್ಲಿ ಉಳಿದದ್ದು ಮುಂದುವರಿದ ಕಥೆಯೇ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸುಮ್ನೆ ಸೋಲುವುದು ಬೇಡ ಅಂತ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯ ಮಾತು ತೆಗೆದೆ. ಸಾಲಾಗಿ ನಾಟಕ ಕಂಪನಿಗಳು ಥೇಟರ್ ಹಾಕುತ್ತವೆ. ಇವತ್ತು ಈ ಕಂಪನಿ, ನಾಳೆ ಆ ಕಂಪನಿ. ನಿನ್ನೆಯ ನಾಯಕಿ ಏನಾದಳು ಅಂತ ಯಾರಾದರೂ ಕೇಳ್ತಾರಾ?

ಅವ್ವ ತಟ್ಟನೆ ಅಂದಳು: “ಅಲ್ಲಿ ಎಲ್ಲಾರ ಗತಿ ತೋರಿಸಿನ ಪಡದಿ ಇಳಸ್ತಾರ. ಹಿಂಗ ಕೂಸಿನ್ನ ಮಲಗಿಸಿ ಹೋಗೂದಿಲ್ಲ.”

ಮಾತು ಖರೆ. ಆದರೆ ನಾನು ಇನ್ನೊಂದನ್ನು ಗಮನಿಸಿದ್ದೇನೆ. ಸಂಜೆಯ ಧಾರಾವಾಹಿಯಲ್ಲಿ ಸೊಸೆ ಎಷ್ಟು ಅತ್ತರೂ ಜಾಹೀರಾತು ಬಂದ ಕೂಡಲೇ ಅವ್ವ ಎದ್ದು ಕುಕ್ಕರ್ ಇಡುತ್ತಾಳೆ. ಈ ಕೂಸಿನ ಸುದ್ದಿ ಮಾತ್ರ ನಾಲ್ಕು ದಿನವಾದರೂ ಬಿಟ್ಟಿಲ್ಲ.

ನಿನ್ನೆ ಸೊಪ್ಪು ಸೋಸುತ್ತ ತಾನೇ ಹೇಳಿದಳು: “ಐತವಾರ ಕರ್ಕೊಂಡು ಹೋಗಿರ್ತಾನ ಬಿಡು. ಐದು ರೂಪಾಯಿ ಜಾಸ್ತಿ ಬಂದಾವಲ್ಲ.”

ನಮಸ್ಕಾರ.