ಹಲ್ಲುಕಡ್ಡಿ ಕಚ್ಚಿಕೊಂಡು ಆಡಿದವನು

ಎಲ್ಲರಿಗೂ ನಮಸ್ಕಾರ.

ಇವತ್ತು ಮಾತಾಡುತ್ತಿರುವುದು ಬಿಲ್ಲಿ ಮೆರೆಡಿತ್ ಬಗ್ಗೆ. ವೇಲ್ಸ್‌ನ ಫುಟ್‌ಬಾಲ್ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಓಡಿ ದಾಳಿ ಮಾಡುವ ಆಟಗಾರ. ಹುಟ್ಟಿದ್ದು 1874ರಲ್ಲಿ. ಅವನನ್ನು ಏಕವಚನದಲ್ಲೇ ಕರೆಯುತ್ತೇನೆ, ಅಭಿಮಾನಿಗಳಿಗೆ ಅಷ್ಟು ಸಲಿಗೆ ಇರಬೇಕಲ್ವಾ?

ಅವನ ಆಟ ಕಣ್ಣಾರೆ ನೋಡಿದವರು ಇವತ್ತು ಯಾರೂ ಇಲ್ಲ. ಆದರೂ ಮ್ಯಾಂಚೆಸ್ಟರ್‌ನಲ್ಲಿ ಹಳೇ ಆಟಗಾರರ ಮಾತು ಬಂದರೆ ಅವನ ಹೆಸರು ಬಂದೇ ಬರುತ್ತದೆ. ಜೊತೆಗೆ ಹಲ್ಲುಕಡ್ಡಿಯ ಮಾತೂ ಬರುತ್ತದೆ. ಮೈದಾನದಲ್ಲಿ ಸದಾ ಬಾಯಲ್ಲೊಂದು ಕಡ್ಡಿ. ಮೊದಲು ಗಣಿಯವರ ಹಾಗೆ ತಂಬಾಕು ಜಗಿಯುತ್ತಿದ್ದನಂತೆ. ಉಗುಳಿದ ಕಲೆ ಅಂಗಿಯಿಂದ ಹೋಗುತ್ತಿರಲಿಲ್ಲವಂತೆ, ಬಟ್ಟೆ ಒಗೆಯುವವರು ಗೊಣಗಿದ ಮೇಲೆ ಕಡ್ಡಿಗೆ ಬಂದನಂತೆ. ನಿಜವೋ ಕಟ್ಟುಕತೆಯೋ, ಪತ್ರಿಕೆಯ ವ್ಯಂಗ್ಯಚಿತ್ರಕಾರರಿಗಂತೂ ಅನುಕೂಲವಾಯಿತು. ಮುಖ ಹೇಗೇ ಬರಲಿ, ಕಡ್ಡಿಯೊಂದು ಬರೆದರೆ ಬಿಲ್ಲಿ ಆಗಿಬಿಡುತ್ತಿದ್ದ.

ಗಣಿ ಅಂದೆ. ಅವನ ಊರು ಚರ್ಕ್, ಇಂಗ್ಲೆಂಡ್ ಗಡಿಗೆ ಅಂಟಿಕೊಂಡ ಕಲ್ಲಿದ್ದಲ ಊರು. 12ನೇ ವಯಸ್ಸಿಗೇ ಗಣಿಗೆ ಇಳಿದ. ಕತ್ತಲಲ್ಲಿ ಕಲ್ಲಿದ್ದಲ ಬಂಡಿ ಎಳೆಯುವ ಗಿಡ್ಡ ಕುದುರೆಗಳನ್ನು ನಡೆಸುವ ಕೆಲಸ. 1894ರಲ್ಲಿ ಮ್ಯಾಂಚೆಸ್ಟರ್ ಸಿಟಿ ಕ್ಲಬ್ ಸೇರಿದ ಮೇಲೂ ಕೆಲಕಾಲ ಗಣಿ ಬಿಡಲಿಲ್ಲ. ವಾರವಿಡೀ ನೆಲದಡಿ, ಶನಿವಾರ ರೈಲು ಹತ್ತಿ ಮೈದಾನಕ್ಕೆ. ತವರಿನಲ್ಲಿ ಅವನ ಮೊದಲ ಪಂದ್ಯ ನ್ಯೂಟನ್ ಹೀತ್ ವಿರುದ್ಧ. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಆದದ್ದು ಅದೇ ತಂಡ. ಸಿಟಿ 2–5ರಲ್ಲಿ ಸೋತಿತು. ಆ ಎರಡೂ ಗೋಲು ಬಿಲ್ಲಿಯದೇ.

ಆಟ ಹೇಗಿತ್ತು? ಬಲಗಡೆ ಗೆರೆಗೆ ಅಂಟಿಕೊಂಡು ನಿಲ್ಲುತ್ತಿದ್ದ. ಚೆಂಡು ಬಂದರೆ ಗೆರೆಯ ಪಕ್ಕದಲ್ಲೇ ಓಡಿ, ಅಂಚು ಕಾಯುವ ಎದುರಾಳಿ ಫುಲ್‌ಬ್ಯಾಕ್‌ನನ್ನು ಹತ್ತಿರ ಕರೆದು, ದಾಟಿ, ಮೂಲೆಯಿಂದ ಗೋಲಿನ ಮುಂದಕ್ಕೆ ಚೆಂಡು ಹಾಕುವ ಕ್ರಾಸ್ ಕೊಡುತ್ತಿದ್ದ. ಎದುರಾಳಿ ಮೈಮೇಲೆ ಬಂದರೆ ಹಿಮ್ಮಡಿಯಲ್ಲಿ ಚೆಂಡನ್ನು ಹಿಂದಕ್ಕೆ ತಳ್ಳಿಬಿಡುತ್ತಿದ್ದ. ಇಂಗ್ಲೆಂಡ್‌ನ ಫುಟ್‌ಬಾಲ್ ಸಂಸ್ಥೆ ಎಫ್‌ಎ ನಡೆಸುವ ಎಫ್‌ಎ ಕಪ್‌ನ 1904ರ ಫೈನಲ್‌ನಲ್ಲಿ ಬೋಲ್ಟನ್ ವಿರುದ್ಧ ಇದ್ದದ್ದು ಒಂದೇ ಗೋಲು. ಹೊಡೆದವನು ನಾಯಕ ಬಿಲ್ಲಿ. ಆಫ್‌ಸೈಡ್ ಅಂತ ಬೋಲ್ಟನ್‌ನವರ ತಕರಾರು. ಇರಲಿ, ಸಿಟಿಗೆ ಸಿಕ್ಕ ಮೊದಲ ದೊಡ್ಡ ಕಪ್ ಅದು.

ಮುಂದಿನ ವರ್ಷವೇ ಎಲ್ಲ ಕೆಟ್ಟಿತು. ಎದುರಾಳಿ ಕ್ಲಬ್ ಆಸ್ಟನ್ ವಿಲ್ಲಾದ ಆಟಗಾರ ಅಲೆಕ್ಸ್ ಲೀಕ್‌ಗೆ 10 ಪೌಂಡ್ ಲಂಚ ಕೊಡಲು ಹೋದ ಅಂತ ಆರೋಪ ಬಂದು ಅಮಾನತಾದ. ಮೊದಲು ಇಲ್ಲವೇ ಇಲ್ಲ ಅಂದ. ಕ್ಲಬ್ ದುಡ್ಡಿನ ಸಹಾಯ ನಿಲ್ಲಿಸಿದಾಗ ಒಳಗಿನದೆಲ್ಲ ಹೊರಹಾಕಿದ. ಆಗ ವಾರಕ್ಕೆ 4 ಪೌಂಡ್‌ಗಿಂತ ಜಾಸ್ತಿ ಸಂಬಳ ಕೊಡುವಂತಿರಲಿಲ್ಲ. ಸಿಟಿ ಗುಟ್ಟಾಗಿ ಕೊಡುತ್ತಿತ್ತು. ತನಿಖೆಯಾಗಿ 17 ಆಟಗಾರರು ಅಮಾನತಾದರು. ಬಿಲ್ಲಿ ಸಂತನೇನಲ್ಲ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಸಾವಿರಾರು ಜನ ಟಿಕೆಟ್ ಕೊಂಡು ನೋಡಲು ಬರುವ ಆಟಗಾರನಿಗೆ 4 ಪೌಂಡ್ ಅಂದರೆ ಯಾರಿಗೆ ಸಿಟ್ಟು ಬರಲ್ಲ?

1907ರ ಜನವರಿ 1. ಅಮಾನತು ಮುಗಿದು, ಬಿಲ್ಲಿ ಯುನೈಟೆಡ್ ಅಂಗಿಯಲ್ಲಿ ಮೈದಾನಕ್ಕಿಳಿದ. ಎದುರಾಳಿ ಯಾರು ಗೊತ್ತಾ? ಅದೇ ಆಸ್ಟನ್ ವಿಲ್ಲಾ! ಬಲಗಡೆಯಿಂದ ಬಿಲ್ಲಿಯ ಕ್ರಾಸ್, ಸಿಟಿಯಿಂದ ಜೊತೆಗೇ ಬಂದ ಸ್ಯಾಂಡಿ ಟರ್ನ್‌ಬುಲ್‌ನ ಗೋಲು, 1–0. ಆಮೇಲೆ 1908 ಮತ್ತು 1911ರಲ್ಲಿ ಲೀಗ್, 1909ರಲ್ಲಿ ಎಫ್‌ಎ ಕಪ್.

ನನಗೆ ಕಪ್‌ಗಳಿಗಿಂತ ಜಾಸ್ತಿ ಇಷ್ಟವಾಗುವುದು 1907ರ ಡಿಸೆಂಬರ್. ಮ್ಯಾಂಚೆಸ್ಟರ್‌ನ ಇಂಪೀರಿಯಲ್ ಹೋಟೆಲ್‌ನಲ್ಲಿ ಆಟಗಾರರು ಸಂಘ ಕಟ್ಟಿದರು. ಮುಂದೆ ನಿಂತವರಲ್ಲಿ ಬಿಲ್ಲಿಯೂ ಒಬ್ಬ. ಗಣಿಯಲ್ಲಿ ಸಂಘದ ಬೆಲೆ ಕಂಡವನು ಸುಮ್ನೆ ಕೂರುತ್ತಾನಾ? 1909ರಲ್ಲಿ ಸಂಘ ಬಿಡಿ ಅಂತ ಎಫ್‌ಎ ಪಟ್ಟು ಹಿಡಿಯಿತು. ಯುನೈಟೆಡ್ ಆಟಗಾರರು ಬಗ್ಗಲಿಲ್ಲ. ‘ಔಟ್‌ಕಾಸ್ಟ್ಸ್ ಎಫ್‌ಸಿ’, ಅಂದರೆ ಬಹಿಷ್ಕೃತರ ಕ್ಲಬ್, ಅಂತ ಬೋರ್ಡ್ ಬರೆದು ಅದನ್ನು ಹಿಡಿದು ಫೋಟೊ ತೆಗೆಸಿಕೊಂಡರು. ಆ ಸಂಬಳದ ಮಿತಿ ಹೋದದ್ದು 1961ರಲ್ಲಿ. ಅದನ್ನು ನೋಡಲು ಬಿಲ್ಲಿ ಇರಲಿಲ್ಲ.

ವೇಲ್ಸ್ ಪರ 48 ಪಂದ್ಯ ಆಡಿದ. ಇಂಗ್ಲೆಂಡ್ ವಿರುದ್ಧ ಗೆಲ್ಲಬೇಕು ಅನ್ನುವುದು ಅವನ ಹಳೇ ಹುಚ್ಚು. 1920ರ ಮಾರ್ಚ್, ಲಂಡನ್‌ನ ಹೈಬರಿ ಮೈದಾನ, ವಯಸ್ಸು 45. ವೇಲ್ಸ್ 2–1ರಲ್ಲಿ ಗೆದ್ದಿತು. ಆ ದಿನ ಅವನು ಅತ್ತುಬಿಟ್ಟನಂತೆ. ಮತ್ತೆ ಸಿಟಿಗೆ ಮರಳಿ, 1924ರಲ್ಲಿ ಕೊನೆಯ ಪಂದ್ಯ ಆಡಿದಾಗ 49. ಅದೂ ಎಫ್‌ಎ ಕಪ್‌ನ ಸೆಮಿಫೈನಲ್!

ಸತ್ತದ್ದು 1958ರ ಏಪ್ರಿಲ್‌ನಲ್ಲಿ. ಮ್ಯೂನಿಕ್‌ನಲ್ಲಿ ಯುನೈಟೆಡ್ ತಂಡದ ವಿಮಾನ ಬಿದ್ದು ಎರಡು ತಿಂಗಳು ಕಳೆದಿತ್ತು. ಊರೆಲ್ಲ ಆ ಸೂತಕದಲ್ಲಿದ್ದಾಗ ಈ 83ರ ಮುದುಕನ ಸಾವು ಎಷ್ಟು ಜನರ ಕಿವಿಗೆ ಬಿದ್ದಿದ್ದೀತು? ಇನ್ನೆರಡು ತಿಂಗಳಿಗೆ ವೇಲ್ಸ್ ಮೊದಲ ಸಲ ವಿಶ್ವಕಪ್ ಆಡಿತು. ಅದನ್ನೂ ನೋಡಲಿಲ್ಲ.

ಮ್ಯಾಂಚೆಸ್ಟರ್‌ನ ಸದರ್ನ್ ಸಿಮೆಟ್ರಿಯಲ್ಲಿ ಮಣ್ಣಾದ. ಸಮಾಧಿ ಮೇಲೆ ಹೆಸರಿರಲಿಲ್ಲ. 2001ರಲ್ಲಿ ಹೊಸ ಕಲ್ಲಿನ ಖರ್ಚು ಹೊರಲು ನಾಲ್ವರು ಮುಂದೆ ಬಂದರು. ಅವನು ಕಟ್ಟಿದ ಆಟಗಾರರ ಸಂಘ, ವೇಲ್ಸ್ ಫುಟ್‌ಬಾಲ್ ಸಂಸ್ಥೆ, ಸಿಟಿ, ಯುನೈಟೆಡ್. ಬಿಲ್ಲಿ ನಮ್ಮವನು ಅಂತ ಇವತ್ತಿಗೂ ಜಗಳ ಆಡುವ ಆ ಎರಡು ಕ್ಲಬ್‌ಗಳು ಒಂದೇ ಬಿಲ್‌ಗೆ ದುಡ್ಡು ಹಾಕಿದ್ದವು.