ಒಂದೇ ಬ್ಲಾಕ್, 25 ಎಚ್‌ಪಿ ವ್ಯತ್ಯಾಸ: ಇಂಟೆಗ್ರಾ ಬಿಚ್ಚಿ ನೋಡಿದ ಶನಿವಾರ

ನಮಸ್ಕಾರ. ಹಿಂದೆ ಟಣ್ ಟಣ್ ಅಂತ ಕೇಳಿಸುತ್ತಿದೆಯಲ್ಲ, ಅದು ಕಿರಣನ ಕೈಚಳಕ. ನ್ಯೂಜೆರ್ಸಿಯಲ್ಲಿ ಅವನ ಮನೆಯ ಗ್ಯಾರೇಜಿನಲ್ಲಿದ್ದೇವೆ. ಹೊರಗೆ ಚಳಿ, ಒಳಗೆ ಒಂದು ಪುಟ್ಟ ಹೀಟರ್, ಮೇಜಿನ ತುಂಬಾ ಇಂಜಿನ್ ಸಾಮಾನು.

ಎಡಗಡೆ ಹರಡಿರುವುದು ಇಂಟೆಗ್ರಾ ಜಿಎಸ್-ಆರ್ ಇಂಜಿನ್. ಬಲಗಡೆ ಅದೇ ಕಾರಿನ ಟೈಪ್ ಆರ್ ಇಂಜಿನ್. ಹೋಂಡಾ ಇಲ್ಲಿ ಅಕ್ಯುರಾ ಹೆಸರಿನಲ್ಲಿ ಮಾರಿದ ಕಾರು. ಟೈಪ್ ಆರ್ ಅಮೆರಿಕಕ್ಕೆ ಬಂದಿದ್ದು 1997ರಲ್ಲಿ. ಬಲಗಡೆಯದು ಕಿರಣನ ಪ್ರಾಣ. ಎಡಗಡೆಯದು ಕೈ ಪಳಗಲಿ ಅಂತ ಗುಜರಿಯಿಂದ ತಂದಿದ್ದು.

ಈಗ ಲೆಕ್ಕ ನೋಡಿ. ಎರಡೂ 1797 ಸಿಸಿ. ಬೋರ್, ಅಂದರೆ ಸಿಲಿಂಡರಿನ ಅಗಲ, 81 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 87.2. ಪಿಸ್ಟನ್ನಿನ ತಳಕ್ಕೆ ಆಯಿಲ್ ಚಿಮ್ಮಿಸಿ ತಂಪು ಮಾಡುವ ಜೆಟ್ ಎರಡರಲ್ಲೂ ಇದೆ. ಟರ್ಬೊ ಎರಡಕ್ಕೂ ಇಲ್ಲ. ಆದರೂ ಜಿಎಸ್-ಆರ್ 170 ಎಚ್‌ಪಿ, ಟೈಪ್ ಆರ್ 195. ಆ 25 ಎಲ್ಲಿ ಕೂತಿದೆ ಅಂತ ಬೆಳಗ್ಗೆಯಿಂದ ಹುಡುಕುತ್ತಿದ್ದೇವೆ.

ನನಗೆ ಈ ಹುಚ್ಚು ಹತ್ತಿದ್ದು ಬೆಂಗಳೂರಿನಲ್ಲಿ. ನಮ್ಮ ಸೋದರಮಾವನ ಹತ್ತಿರ ಹಳೇ ಹೋಂಡಾ ಸಿಟಿ 1.5 ವಿಟೆಕ್ ಇತ್ತು. 106 ಬಿಎಚ್‌ಪಿ. ಮೈಸೂರು ರೋಡಿನಲ್ಲಿ ಮಾವ ಆಕ್ಸಿಲರೇಟರ್ ಒತ್ತಿದರೆ ಸದ್ದೇ ಬೇರೆ ಆಗುತ್ತಿತ್ತು. ಅತ್ತೆ ಹಿಂದಿನಿಂದ "ರೀ, ಮಕ್ಕಳಿದ್ದಾರೆ" ಅನ್ನೋರು. ಆ ಮಕ್ಕಳಲ್ಲಿ ಒಬ್ಬ ಈಗ ನಿಮ್ಮ ಜೊತೆ ಮಾತಾಡುತ್ತಿದ್ದಾನೆ.

ಸರಿ, ಹುಡುಕಾಟಕ್ಕೆ ಬರೋಣ. ಮೊದಲ ಸುಳಿವು ಟಾರ್ಕ್‌ನಲ್ಲಿದೆ, ಅಂದರೆ ಇಂಜಿನ್ ತಿರುಗಿಸುವ ಬಲದಲ್ಲಿ. ಜಿಎಸ್-ಆರ್ ಟಾರ್ಕ್ 128 ಪೌಂಡ್-ಅಡಿ, ಟೈಪ್ ಆರ್ 130. ಬರೀ ಎರಡು ಜಾಸ್ತಿ! ಆದರೆ ಜಿಎಸ್-ಆರ್ ಅದನ್ನು ಕೊಡುವುದು 6200 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು), ಟೈಪ್ ಆರ್ 7500ರಲ್ಲಿ. ಪವರ್ ಅಂದರೆ ಟಾರ್ಕ್ ಗುಣಿಸು ಆರ್‌ಪಿಎಂ, ಅಲ್ವಾ? ಜಿಎಸ್-ಆರ್‌ಗೆ ಮೇಲೆ ಹೋಗುತ್ತಾ ಉಸಿರು ಕಟ್ಟುತ್ತದೆ. ಟೈಪ್ ಆರ್‌ಗೆ ಕಟ್ಟುವುದಿಲ್ಲ. ಅದರ ರೆಡ್‌ಲೈನ್, ಅಂದರೆ ಮೀರಬಾರದ ಮಿತಿ, 8400. ಈ ಮೇಜಿನ ಮೇಲೆ ಬೇರೆಯಾಗಿ ಕಾಣುವ ಹೆಚ್ಚಿನ ಸಾಮಾನೆಲ್ಲ ಆ ಕೊನೆಯ ಸಾವಿರದೈನೂರು ಆರ್‌ಪಿಎಂಗೋಸ್ಕರ.

ಈ ವಾಲ್ವ್ ನೋಡಿ, ಸಿಲಿಂಡರಿನ ಬಾಗಿಲು ಇದು. 8400ರಲ್ಲಿ ಇದನ್ನು ಒತ್ತಿ ತೆರೆಯುವ ಕ್ಯಾಮ್ ದಂಡ ತಿರುಗುವುದು ಅದರ ಅರ್ಧ, 4200. ಅಂದರೆ ಒಂದೊಂದು ವಾಲ್ವೂ ಸೆಕೆಂಡಿಗೆ 70 ಸಲ ತೆರೆದು ಮುಚ್ಚಬೇಕು. ಭಾರ ಜಾಸ್ತಿ ಇದ್ದರೆ ಸ್ಪ್ರಿಂಗಿಗೆ ಅದನ್ನು ಹೊತ್ತಿಗೆ ಸರಿಯಾಗಿ ಎಳೆದುಕೊಳ್ಳಲು ಆಗುವುದಿಲ್ಲ. ಅದಕ್ಕೇ ಟೈಪ್ ಆರ್‌ನಲ್ಲಿ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವಿನ ಕಡ್ಡಿಯನ್ನು ತೆಳ್ಳಗೆ ಮಾಡಿ ತೂಕ ಇಳಿಸಿದ್ದಾರೆ. ಸ್ಪ್ರಿಂಗ್ ಒಳಗೆ ಇನ್ನೊಂದು ಸ್ಪ್ರಿಂಗ್ ಇಟ್ಟಿದ್ದಾರೆ. ಕೈಯಲ್ಲಿ ಹಿಡಿದರೆ ತೂಕದ ವ್ಯತ್ಯಾಸ ನನಗಂತೂ ಗೊತ್ತಾಗಲಿಲ್ಲ. ಕಿರಣ ಅಡುಗೆಮನೆಯಿಂದ ತಕ್ಕಡಿ ತಂದ. ಮುಳ್ಳು ಒಂಚೂರು ಅಲ್ಲಾಡಿತು, ಅಷ್ಟೆ.

ಕ್ಯಾಮ್‌ದು ಬೇರೆಯೇ ಕಥೆ. ವಿಟೆಕ್ ಅಂದರೆ ವೇಗಕ್ಕೆ ತಕ್ಕಂತೆ ಕ್ಯಾಮ್ ಉಬ್ಬು ಬದಲಿಸುವ ಹೋಂಡಾ ಏರ್ಪಾಟು. ಅದರಲ್ಲಿ ಪ್ರತಿ ಜೋಡಿ ವಾಲ್ವಿಗೆ ಮೂರು ಉಬ್ಬು ಇರುತ್ತವೆ. ಪಕ್ಕದ ಎರಡು ನಿಧಾನಕ್ಕೆ ಓಡಿಸಲು. ನಡುವಿನದು ದೊಡ್ಡದು, ಅದು ಜೋರಾಗಿ ಓಡಿಸೋದಕ್ಕೆ! ಆಯಿಲ್ ಒತ್ತಡ ಒಂದು ಪಿನ್ ತಳ್ಳುತ್ತದೆ, ಉಬ್ಬಿನ ಒತ್ತನ್ನು ವಾಲ್ವಿಗೆ ದಾಟಿಸುವ ಮೂರೂ ರಾಕರ್ ತೋಳು ಒಂದಾಗುತ್ತವೆ, ದೊಡ್ಡ ಉಬ್ಬು ಕೆಲಸಕ್ಕಿಳಿಯುತ್ತದೆ. ಜಿಎಸ್-ಆರ್‌ನಲ್ಲಿ ಇದು 4400ರ ಹತ್ತಿರ. ಟೈಪ್ ಆರ್‌ನ ಉಬ್ಬು ಇನ್ನೂ ಎತ್ತರ, ವಾಲ್ವ್ ಇನ್ನೂ ಹೆಚ್ಚು ಹೊತ್ತು ತೆರೆದಿರುತ್ತದೆ. ಅಂಥದ್ದು ಕಡಿಮೆ ವೇಗದಲ್ಲಿ ಉಪಯೋಗಕ್ಕಿಲ್ಲ. ಹಾಗಾಗಿ 5700ರ ತನಕ ಕಾಯುತ್ತದೆ.

ಪಿಸ್ಟನ್ ವಿಷಯಕ್ಕೆ ಬಂದರೆ ಕಿರಣನ ಮುಖ ನೋಡಬೇಕಿತ್ತು ನೀವು. ಆನ್‌ಲೈನ್‌ನಲ್ಲಿ ಯಾರೋ ಒಬ್ಬರಿಂದ "ಅಸಲಿ ಟೈಪ್ ಆರ್ ಪಿಸ್ಟನ್" ಅಂತ ನಾಲ್ಕು ತರಿಸಿದ್ದ. ದುಡ್ಡು ಎಷ್ಟು ಅಂತ ಕೇಳಬೇಡಿ, ಅವನ ಹೆಂಡತಿಯೂ ಈ ವಿಡಿಯೋ ನೋಡುತ್ತಾಳೆ. ಹೊಸ ಪಿಸ್ಟನ್ ಪಕ್ಕ ಟೈಪ್ ಆರ್ ಇಂಜಿನ್ನಿನ ಹಳೇದನ್ನು ಇಟ್ಟೆವು. ಹಳೇದರ ತಲೆ ಉಬ್ಬಿಕೊಂಡಿದೆ, ಪಕ್ಕದಲ್ಲಿ ಜಾರಿಕೆಗೆ ಮಾಲಿಬ್ಡಿನಂ ಲೇಪನ. ಹೊಸದು ಹೆಚ್ಚು ಚಪ್ಪಟೆ. ಗುರುತು ನೋಡಿದರೆ ಪಿ72. ಅದು ಜಿಎಸ್-ಆರ್‌ದು. ಟೈಪ್ ಆರ್‌ದಾದರೆ ಪಿ73 ಇರಬೇಕಿತ್ತು.

"ಮಗಾ, ಟೋಪಿ ಹಾಕಿದ್ರು ಕಣೋ" ಅಂದ. ಹೌದು, ಹಾಕಿದ್ದರು.

ಆ ಉಬ್ಬು ಶೋಕಿಗಲ್ಲ. ತಲೆ ಉಬ್ಬಿದಷ್ಟೂ ಮೇಲಿನ ಜಾಗ ಕಿರಿದಾಗುತ್ತದೆ, ಕಂಪ್ರೆಷನ್ ಏರುತ್ತದೆ. ಇಲ್ಲಿನ ಜಿಎಸ್-ಆರ್‌ನಲ್ಲಿ 10ಕ್ಕೆ 1, ಟೈಪ್ ಆರ್‌ನಲ್ಲಿ 10.6ಕ್ಕೆ 1. ಜಪಾನಿನ ಟೈಪ್ ಆರ್‌ನಲ್ಲಿ 11.1. ಅದೇ ಪೆಟ್ರೋಲಿನಿಂದ ಸ್ವಲ್ಪ ಹೆಚ್ಚು ಕೆಲಸ ಹಿಂಡಬಹುದು. ಮಿತಿ ಮೀರಿದರೆ ನಾಕಿಂಗ್ ಶುರು, ಅಂದರೆ ಪೆಟ್ರೋಲ್ ತಾನೇ ತಾನಾಗಿ ಸಿಡಿಯುತ್ತದೆ. ಇನ್ನು 8400ರಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 24 ಮೀಟರ್. ಆರ್‌ಪಿಎಂ ನೂರಕ್ಕೆ ಐದು ಏರಿದರೆ ಪಿಸ್ಟನ್ನನ್ನು ಹಿಡಿದ ಕಾನ್ ರಾಡ್ ಮೇಲಿನ ಎಳೆತ ನೂರಕ್ಕೆ ಹತ್ತು ಏರುತ್ತದೆ. ಆ ಎಳೆತವನ್ನು ಹೊರುವುದು ಎರಡೇ ಎರಡು ಬೋಲ್ಟ್.

ನನಗೆ ತುಂಬಾ ಇಷ್ಟವಾಗಿದ್ದು ಮಾತ್ರ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್. ಜಿಎಸ್-ಆರ್‌ನದು ಜಾಣತನದ್ದು. ಪ್ರತಿ ಸಿಲಿಂಡರಿಗೆ ಎರಡು ದಾರಿ, ಒಂದು ಉದ್ದ, ಒಂದು ಗಿಡ್ಡ. ವೇಗ ಏರಿದಾಗ ಎರಡನೆಯದರ ಬಾಗಿಲು ತೆರೆಯುತ್ತದೆ. ಟೈಪ್ ಆರ್ ಮಾಡಿದವರು ಆ ಏರ್ಪಾಟನ್ನೇ ಕಿತ್ತುಹಾಕಿದರು. ಸಿಲಿಂಡರಿಗೆ ಒಂದೇ ದಾರಿ. ದಪ್ಪ, ಗಿಡ್ಡ, ನೇರ. ಕೆಳಗಿನ ವೇಗದಲ್ಲಿ ಸೊರಗಿದರೆ ಸೊರಗಲಿ ಅಂತ. ದುಬಾರಿ ಮಾಡೆಲ್‌ನಲ್ಲಿ ತಂತ್ರಜ್ಞಾನ ಕಡಿಮೆ! ಸಿಲಿಂಡರಿನ ಮೇಲೆ ಕೂರುವ, ವಾಲ್ವ್ ಇರುವ ಹೆಡ್ಡೇ ಬೇರೆ ಆದ್ದರಿಂದ ಟೈಪ್ ಆರ್ ಮ್ಯಾನಿಫೋಲ್ಡ್ ಜಿಎಸ್-ಆರ್‌ಗೆ ನೇರವಾಗಿ ಕೂರುವುದಿಲ್ಲ. ಕೂರಿಸಿ ನೋಡಿದೆವು, ಬೆರಳು ಜಜ್ಜಿಕೊಂಡಿದ್ದೇ ಲಾಭ.

ಕೊನೆಗೆ ಹೆಡ್ ಒಳಗೆ ಟಾರ್ಚ್ ಬಿಡಿ. ಜಿಎಸ್-ಆರ್‌ನಲ್ಲಿ ಗಾಳಿ ಹರಿಯುವ ಪೋರ್ಟ್ ಒಳಗೆ ಎರಕದ ತರಿ ಹಾಗೇ ಇದೆ. ಟೈಪ್ ಆರ್‌ನದನ್ನು ಕಾರ್ಖಾನೆಯಲ್ಲಿ ಕೈಯಿಂದಲೇ ಉಜ್ಜಿ ನುಣುಪು ಮಾಡಿದ್ದಾರೆ. ಬೆರಳು ಆಡಿಸಿದರೆ ತಿಳಿಯುತ್ತದೆ. ಹತ್ತು ನಿಮಿಷ ಇಬ್ಬರೂ ಸುಮ್ನೆ ಬೆರಳಾಡಿಸುತ್ತಾ ನಿಂತಿದ್ದೆವು.

ಪಿಸ್ಟನ್ ಸೋಮವಾರ ವಾಪಸ್ ಹೋಗುತ್ತವೆ. ತಕ್ಕಡಿ ಇನ್ನೂ ಗ್ಯಾರೇಜಿನಲ್ಲೇ ಇದೆ. ಕಿರಣ ಅದನ್ನು ಸೋಪು ಹಾಕಿ ಮೂರನೇ ಸಲ ತೊಳೆಯುತ್ತಿದ್ದಾನೆ.